ಗೋಡೆಗೆ ಮುಖ ಮಾಡಿ ಕೇಳುವ ಅತ್ತಿಗೆ

ಎಲ್ಲರೂ ವಾದ್ಯದತ್ತ ಮುಖ ಮಾಡಿ ಕೇಳಿದರೆ ನನ್ನ ಅತ್ತಿಗೆ ಬೆನ್ನು ಮಾಡಿ ಕೇಳುತ್ತಾರೆ. ಹೊಸ ಕೀಬೋರ್ಡನ್ನು ಪರೀಕ್ಷಿಸಲು ಅಂಗಡಿಗೆ ಹೋದರೆಂದರೆ, ಸರಭರ ಸದ್ದು ಮಾಡುವ ತಮ್ಮ ಉದ್ದನೆಯ ಕಂದು ಕೋಟನ್ನು ಕಳಚಿ ನನ್ನ ಕೈಗಿತ್ತು, ಮಿನುಗುವ ಪರದೆಯಾಗಲಿ ಮಾರುವವನ ಮಂದಹಾಸವಾಗಲಿ ಕಾಣದಂತೆ ಗೋಡೆಯತ್ತ ತಿರುಗಿ ನಿಂತು, "ಹ್ಞಾಂ, ನುಡಿಸಿ" ಎನ್ನುತ್ತಾರೆ.

ಅವರು ಪಿಯಾನೋ ಕಲಿಸುವವರು. ಅಣ್ಣ ಕ್ಲಾರಿನೆಟ್ ನುಡಿಸುತ್ತಿದ್ದ ಆರ್ಕೆಸ್ಟ್ರಾದಲ್ಲಿಯೇ ಕೀಬೋರ್ಡ್ ವಾದಕಿ. ಈ ಯಂತ್ರಗಳ ಒಡಲಲ್ಲಿರುವುದು ನಿಜವಾದ ವಾದ್ಯಗಳಿಂದ ಮುದ್ರಿಸಿಕೊಂಡ ಧ್ವನಿಯ ತುಣುಕುಗಳು. ತುಣುಕು ಗಿಡ್ಡವಾದರೆ ಯಂತ್ರ ಅದನ್ನೇ ಸುತ್ತಿ ಸುತ್ತಿ ನುಡಿಸುತ್ತದೆ. ಕೀಲಿಯನ್ನು ದೀರ್ಘವಾಗಿ ಒತ್ತಿ ಹಿಡಿದಾಗ ತುಣುಕಿನ ಕೊನೆ ಮೊದಲಿಗೆ ಸೇರುವ ಆ ಹೊಲಿಗೆ ಅತ್ತಿಗೆಯ ಕಿವಿಗೆ ಸಿಕ್ಕಿಬೀಳುತ್ತದೆ. "ಮೊದಲು ಆ ಪ್ರತಿಧ್ವನಿ ತೆಗೀರಿ. ಪೌಡರ್ ಬಳ್ಕೊಂಡ್ರೆ ಎಲ್ಲರೂ ಚೆನ್ನಾಗೇ ಕಾಣ್ತಾರೆ" ಎಂಬುದು ಅವರ ಮೊದಲ ಅಪ್ಪಣೆ. ಮೆತ್ತಗೆ ಒತ್ತಿಸಿ, ಜೋರಾಗಿ ಒತ್ತಿಸಿ, "ಸದ್ದು ದೊಡ್ಡದಾಯ್ತು, ಸ್ವಭಾವ ಬದಲಾಗಲಿಲ್ಲ. ಬೇಡ" ಎಂದು ಕೋಟಿಗೆ ಕೈ ಚಾಚಿದರೆ ಮುಗಿಯಿತು, ಆ ತೀರ್ಪಿಗೆ ಮೇಲ್ಮನವಿಯಿಲ್ಲ.

ಒಮ್ಮೆ ಆರ್ಕೆಸ್ಟ್ರಾದ ಯಜಮಾನರು ಹೊಸದೊಂದು ಕೀಬೋರ್ಡಿನ ಕ್ಲಾರಿನೆಟ್ ಧ್ವನಿ ಅಸಲಿಗೆ ಸಮನೆಂದು ಕೇಳಿ, ಅದು ನಿಜವಾದರೆ ವಾದಕನೇ ಬೇಡವೆಂದು ಲೆಕ್ಕ ಹಾಕಿ, ಅತ್ತಿಗೆಯನ್ನೇ ಪರೀಕ್ಷೆಗೆ ಕರೆದರು. ಅಣ್ಣನೂ ನಗುತ್ತಲೇ ಬಂದ. ಅತ್ತಿಗೆ ಮಂದ್ರ, ಮಧ್ಯ, ತಾರಗಳಲ್ಲಿ ಸ್ವರಗಳನ್ನು ಹಿಡಿಸಿದರು, ಬಿಡಿಸಿದರು, ಮತ್ತೆ ಹಿಡಿಸಿದರು.

"ಎಷ್ಟು ಸಲ ಕೇಳ್ತೀಯ? ಬೇಡ ಅಂದ್ಬಿಡು" ಎಂದ ಅಣ್ಣ.

ಅತ್ತಿಗೆ ತಿರುಗಿ ಯಜಮಾನರನ್ನು ನೋಡಿದರು. "ಚೆನ್ನಾಗಿದೆ. ಹಿನ್ನೆಲೆಗೆ ಧಾರಾಳವಾಗಿ ಸಾಕು. ಒಬ್ಬರೇ ನುಡಿಸೋ ಭಾಗಕ್ಕೆ ಸಾಲದು."

"ನಮ್ಮಲ್ಲಿ ಅಂಥ ಭಾಗ ಎಲ್ಲಿದೆಯಮ್ಮಾ?"

"ಅದು ನಿಮಗೆ ಗೊತ್ತು. ಧ್ವನಿ ಹೇಗಿದೆ ಅಂತ ಕೇಳಿದ್ರಿ, ಹೇಳಿದೆ."

ಅಣ್ಣನ ಸ್ಥಾನ ಹೋಯಿತು. ಅನಂತರ ಅವನು ಊಟದ ಮೇಜಿನಲ್ಲಿ ಉಪ್ಪು ಬೇಕಾದರೂ ನನ್ನ ಮೂಲಕವೇ ಕೇಳತೊಡಗಿದ. ಒಂದು ದಿನ ತಡೆಯಲಾರದೆ ಅತ್ತಿಗೆಯನ್ನು ಕೇಳಿದೆ: "ಗಂಡನಿಗೋಸ್ಕರ ಒಂದು ಸುಳ್ಳು ಹೇಳೋಕೆ ಆಗ್ತಿರಲಿಲ್ವಾ?"

"ಆಗ್ತಿತ್ತು. ಆಮೇಲೆ ಇವರು ನಿಜವಾಗ್ಲೂ ಚೆನ್ನಾಗಿ ನುಡಿಸಿದ ದಿನ ನಾನು ಚೆನ್ನಾಗಿದೆ ಅಂದ್ರೆ, ಆ ಮಾತಿಗೆ ಏನು ಬೆಲೆ ಇರುತ್ತೆ?" ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ.

ಅಣ್ಣ ಒಳಗಿನಿಂದ ಇದನ್ನು ಕೇಳಿಸಿಕೊಂಡಿರಬೇಕು. ಮರುದಿನ ಬೆಳಿಗ್ಗೆ ಅತ್ತಿಗೆ ಕಿಟಕಿಯ ಬಳಿ ಬಟ್ಟೆ ಮಡಚುತ್ತಿದ್ದಾಗ, ಕ್ಲಾರಿನೆಟ್ ತಂದು ಅವರ ಹಿಂದೆ ನಿಂತು ನುಡಿಸತೊಡಗಿದ. ಅವರು ಮಡಚುವ ಕೈಯನ್ನು ನಿಲ್ಲಿಸಿದರು, ಆದರೆ ತಿರುಗಲಿಲ್ಲ. ಉಸಿರು ಸ್ವರವಾಗಿ, ಸ್ವರ ಮತ್ತೆ ಉಸಿರಾಗಿ ಅಡಗುವವರೆಗೂ ಕೇಳಿ ಹೇಳಿದರು: "ಕೆಳಗಿನ ಸ್ವರಗಳಲ್ಲಿ ಗಾಳಿ ಸೋರ್ತಿದೆ, ರಿಪೇರಿ ಮಾಡಿಸಿ. ಮಿಕ್ಕಿದ್ದು ಯಾವ ಯಂತ್ರಕ್ಕೂ ಬರಲ್ಲ."

ಅಣ್ಣ ವಾದ್ಯವನ್ನು ರಿಪೇರಿ ಮಾಡಿಸಿದ. ಊದುವ ವಾದ್ಯಗಳದೇ ಆದ ಸಣ್ಣ ತಂಡವೊಂದಕ್ಕೆ, ಬೇರಾರ ಶಿಫಾರಸೂ ಇಲ್ಲದೆ, ಆ ಒಂದು ಮಾತಿನ ಬಲದಿಂದಲೇ ಎದೆಯುಬ್ಬಿಸಿ ಹೋಗಿ ನುಡಿಸಿ ಬಂದ. ಈಗ ಆ ತಂಡದ ಮುಂದಾಳು ಅವನೇ.

ಇಂಥವರ ಕಿವಿಗೆ ನೆಂಟಸ್ತನ ತಿಳಿಯದು. ಅವರೊಡನೆ ಸಂಸಾರ ಮಾಡುವುದು ಸುಲಭವೂ ಅಲ್ಲ. ಆದರೆ ನಮ್ಮನ್ನು ಪ್ರೀತಿಸುವವರೆಲ್ಲ ಹೊಗಳುತ್ತಲೇ ಇರುವ ಮನೆಯಲ್ಲಿ, ಹೊಗಳಿಕೆಯನ್ನು ನಂಬಿ ಹೊಸಿಲು ದಾಟುವ ಧೈರ್ಯ ಕೊಡಬಲ್ಲವರು ಇಂಥವರು ಮಾತ್ರ.