ಅಪ್ಪನಿಂದ ಬಂದ ತಲೆಸುತ್ತು

ಬೆಟ್ಟದ ತುದಿಯಲ್ಲಿ ಕೇಬಲ್ ಗಾಡಿಯ ಕೆಲಸಕ್ಕೆ ಸೇರಿದ ಅಪ್ಪ ಒಂದೇ ಬೋಲ್ಟನ್ನು ಬಿಗಿದು, ಬಿಚ್ಚಿ, ಮತ್ತೆ ಬಿಗಿದು ಸಂಜೆ ಮಾಡಿದ ಕತೆ ಆ ಮನೆಯಲ್ಲಿ ಎಷ್ಟು ಹೇಳಿದರೂ ಹಳತಾಗದು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಅಪ್ಪನೇ. ಮರುದಿನವೇ ಕೆಲಸ ಹೋಯಿತೆಂಬ ಬಾಲವನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಈಗ ಅದೇ ಬೆಟ್ಟದ ತುದಿಯ ನಿಲ್ದಾಣದಲ್ಲಿ ಅಕ್ಕ ಫಿಟ್ಟರ್. ಉಸಿರು ಕಟ್ಟುವ ಎತ್ತರ ಅವಳಿಗೆ ಮನೆಯಂಗಳ. ಮೇಸ್ತ್ರಿಯ ಬೆನ್ನು ಹತ್ತಿ ತಂಗಿಯನ್ನೂ ಸೇರಿಸಿದ್ದಳು. ಕೆಲಸ ಕಾಯಂ ಆಗಬೇಕಾದರೆ ತಂಗಿ ಮೇಲೆ ದುಡಿದು ತೋರಿಸಬೇಕಿತ್ತು. ಗಾಡಿಯೋ, ನಡು ನಿಲ್ದಾಣದಲ್ಲಿ ನಿಲ್ಲದೆ ಒಂದೇ ಓಟಕ್ಕೆ ತುದಿ ಮುಟ್ಟುತ್ತಿತ್ತು. ನಿಂತರೆ ಪ್ರವಾಸಿಗರು ಗೊಣಗುತ್ತಾರೆಂಬುದು ಕಂಪನಿಯ ಚಿಂತೆ.

ಒಂದು ಮಧ್ಯಾಹ್ನ ತಂಗಿ ಕೇಬಲ್ ಸುತ್ತುವ ಚಕ್ರದ ಬಳಿ ಕೂತು ಬೋಲ್ಟೊಂದನ್ನು ಬಿಗಿದಳು, ಬಿಚ್ಚಿದಳು, ಬಿಗಿದಳು. ಅಕ್ಕನಿಗೆ ನಗು ಉಕ್ಕಿತು.

"ಅಪ್ಪನ ಮಗಳು ಕಣೇ ನೀನು."

ತಂಗಿ ತಲೆ ಎತ್ತಿದಳು. ಆ ಕಣ್ಣಲ್ಲಿ ಅಕ್ಕನ ಗುರುತೇ ಇರಲಿಲ್ಲ, ತುಟಿ ನೀಲಿಗಟ್ಟಿತ್ತು. ಇಷ್ಟು ವರ್ಷ ಮನೆಮಂದಿಯೆಲ್ಲ ಅಪ್ಪನ ಕಾಯಿಲೆಯನ್ನು ನೋಡಿ ನಕ್ಕಿದ್ದೆವೆಂದು ಅಕ್ಕನಿಗೆ ಆಗ ಹೊಳೆಯಿತು. ಮೇಸ್ತ್ರಿಯ ಅಪ್ಪಣೆಗೂ ಕಾಯದೆ ತಂಗಿಯನ್ನು ತಬ್ಬಿಕೊಂಡೇ ಕೆಳಗಿಳಿಸಿದಳು.

ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು: ಎತ್ತರದ ತೆಳು ಗಾಳಿಗೆ ಕೆಲವರ ಮೈ ಬೇಗ ಒಗ್ಗುತ್ತದೆ, ಕೆಲವರದು ನಿಧಾನ, ಅದರಲ್ಲಿ ಹುಟ್ಟಿನಿಂದ ಬಂದ ಜೀನುಗಳ ಕೈವಾಡವೂ ಉಂಟು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೂ ಅದು ಸಮಪಾಲಾಗಿ ಬರುವುದಿಲ್ಲ. ದಾರಿಯ ನಡುವೆ ಒಂದು ರಾತ್ರಿ ಕಳೆದು ಮೆಲ್ಲಗೆ ಏರಿದರೆ ಅಪಾಯ ಎಷ್ಟೋ ತಗ್ಗುತ್ತದೆ.

ಕಂಪನಿಯ ಮ್ಯಾನೇಜರ್‌ಗೆ ಇದರಲ್ಲಿ ಅರ್ಧ ಮಾತ್ರ ಕೇಳಿಸಿತು. ಎಲ್ಲರ ರಕ್ತ ಪರೀಕ್ಷಿಸಿ ಮೈ ಒಗ್ಗದವರನ್ನು ಮನೆಗೆ ಕಳಿಸುವುದಾಗಿ ಸಾರಿದ. ಅಕ್ಕನಿಗೇನೂ ಭಯವಿಲ್ಲ, ಅವಳದು ಚಿನ್ನದಂಥ ರಕ್ತವೆಂದು ಹೊಗಳಿದ.

"ನಮ್ಮ ರಕ್ತಕ್ಕೇನಾಗಿದೆ ಸಾರ್?" ಎಂದಳು ಅಕ್ಕ. "ರೋಗ ಇರೋದು ನಿಲ್ಲದ ನಿಮ್ಮ ಗಾಡಿಗೆ."

ರಕ್ತ ಕೊಡಲು ಅವಳು ತೋಳು ಚಾಚಲಿಲ್ಲ. ಸಾಲಿನಲ್ಲಿ ಅವಳ ಹಿಂದಿದ್ದವರೂ ಒಬ್ಬೊಬ್ಬರಾಗಿ ತೋಳು ಇಳಿಸಿಕೊಂಡರು.

ತಂಗಿ ಪೂರ್ತಿ ಚೇತರಿಸಿಕೊಂಡು ಡಾಕ್ಟರಮ್ಮ ಒಪ್ಪಿದ ಮೇಲೆ, ಮತ್ತೆ ಮೇಲೇರುವಾಗ ನಡು ನಿಲ್ದಾಣ ಬಂದೊಡನೆ ಅಕ್ಕ ಗಾಡಿಯ ಬ್ರೇಕು ಎಳೆದಳು. ಪಾಳಿಯವರೆಲ್ಲ ಇಳಿದು ರಾತ್ರಿ ಅಲ್ಲೇ ಕಳೆಯಲು ಹಾಸಿಗೆ ಬಿಡಿಸಿದರು. ಗೋಡೆಯ ಫೋನು ಬಡಿದುಕೊಳ್ಳುತ್ತಲೇ ಇತ್ತು.

"ಕೆಲಸ ಹೋದ್ರೆ, ಅಕ್ಕಾ?"

"ಹೋದ್ರೆ ಎಲ್ರದ್ದೂ ಹೋಗುತ್ತೆ. ಆಮೇಲೆ ಗಾಡೀನ ಕಂಪನಿಯವರೇ ಎಳ್ಕೊಳ್ಳಲಿ. ನೀನು ಆ ಕಡೆ ಸರಿ, ನನ್ನ ಹೊದಿಕೆ ಎಳೀಬೇಡ."