ಸರಾಸರಿಗೆ ಸೇರದ ಪೆಟ್ಟಿಗೆ

ಹಿಪ್ಪುನೇರಳೆ ಕಡ್ಡಿ ಉರಿಯುವಾಗ ಒಂದು ವಾಸನೆ ಬರುತ್ತದೆ. ಮೊದಲು ಹಸಿ ತೊಗಟೆಯ ಕಮಟು, ಅದರ ಬೆನ್ನಿಗೇ ತೆಳ್ಳಗಿನ ಸಿಹಿ ಹೊಗೆ. ಅರುಂಧತಿಗೆ ಆ ವಾಸನೆಯೆಂದರೆ ಅವರ ಬೀದಿಯ ಬೋರಜ್ಜ ಸತ್ತ ದಿನದ ಸಂಜೆ. ಆಗ ಅವಳಿನ್ನೂ ಲಂಗ ಉಡುವ ಹುಡುಗಿ, ತಮ್ಮ ರವಿಚಂದ್ರ ಅವಳ ಲಂಗದ ಅಂಚು ಬಿಡದ ಮಗು. ಮಳವಳ್ಳಿ ಕಡೆಯ ಬಂಡೂರಿನಿಂದ ಸ್ವಲ್ಪ ಆಚೆಗಿರುವ ಅವರ ಊರಿನಲ್ಲಿ, ಬೀದಿಯಲ್ಲೊಂದು ಸಾವಾದರೆ ಮಣ್ಣು ಮಾಡಿ ಬರುವ ತನಕ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಬೋರಜ್ಜನ ಮಗಳು ದೂರದೂರಿನಿಂದ ಬಂದು ಮುಖ ನೋಡಬೇಕಿತ್ತು. ಅವಳಿಗೆ ಬಸ್ಸು ಸಿಕ್ಕಿರಲಿಲ್ಲ. ಹಗಲೆಲ್ಲ ಬೀದಿ ತಣ್ಣಗೆ ಕೂತಿತ್ತು.

"ಅಕ್ಕಾ, ಒಟ್ಟೆ ಅಸೀತದೆ," ಎಂದು ರವಿ ಕುಯ್‌ಗುಡುತ್ತಿದ್ದ. ಅವಳು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಕಡ್ಲೆಪಪ್ಪನ್ನು ಒಂದೊಂದೇ ಅವನ ಬಾಯಿಗೆ ಹಾಕಿದ್ದಳು. ಹೊತ್ತು ಇಳಿಯುವ ಮುಂಚೆ ಮಣ್ಣಾಯಿತು. ದೊಡ್ಡವರೆಲ್ಲ ಮಿಂದು ಬಂದರು. ಆಗ ಎಲ್ಲ ಮನೆಗಳ ಒಲೆಗಳೂ ಒಟ್ಟಿಗೇ ಹೊತ್ತಿಕೊಂಡವು. ಹೆಂಚಿನ ಸಂದಿಯಿಂದ ಆ ಹೊಗೆ ಇಳಿದು ಬೀದಿ ತುಂಬಿತು. ರವಿ ಅಳು ನಿಲ್ಲಿಸಿ ಮೂಗರಳಿಸಿದ್ದು ಅವಳಿಗೆ ಇಂದಿಗೂ ನೆನಪಿದೆ.

ಓದಿ, ಪರೀಕ್ಷೆ ಬರೆದು, ಅರುಂಧತಿ ಕಸ್ಟಮ್ಸ್ ಇಲಾಖೆ ಸೇರಿದಳು. ಊರಿನಿಂದ ಮೂರು ನಾಲ್ಕು ಗಂಟೆ ದೂರದ ವಿಮಾನ ನಿಲ್ದಾಣದಲ್ಲಿ, ಹೊರದೇಶದಿಂದ ಬಂದ ಸರಕು ಇಳಿಯುವ ಶೆಡ್ಡಿನಲ್ಲಿ ಅವಳ ಕೆಲಸ. ರವಿ ಮಸ್ಕತ್ತಿಗೆ ಹೋಗಿ ಗೋದಾಮೊಂದರಲ್ಲಿ ಸರಕು ಎತ್ತಿಳಿಸುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸಲು ನಿಂತ. ಫೋನು ಮಾಡಿದಾಗಲೆಲ್ಲ ಅವನದೊಂದೇ ತಮಾಷೆ. "ನಾನಿಲ್ಲಿ ಏರುಸ್ತೀನಿ, ನೀನಲ್ಲಿ ತಡಿತೀಯ. ಒಂದೇ ಒಟ್ಟೇಲಿ ಉಟ್ಟಿ ಏನಕ್ಕ ಈ ಅನ್ಯಾಯ?"

"ತಡೆಯದಲ್ಲ ಕಣ್ಲಾ, ಬಿರ್ನೆ ಬುಡೋದೆ ಈಗ ನನ್ ಕೆಲ್ಸ," ಎನ್ನುತ್ತಿದ್ದಳು ಅವಳು.

ಅದು ನಿಜವೇ ಆಗಿತ್ತು. ಎರಡು ವರ್ಷದ ಹಿಂದೆ ಮೇಲಿನವರು ಒಂದು ತಂಡ ಮಾಡಿದ್ದರು. ವಿಮಾನ ಇಳಿದಲ್ಲಿಂದ ಸರಕು ಗೇಟು ದಾಟುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ಸುಮ್ಮನೆ ಕೂರುತ್ತದೆ ಎಂದು ಅಳೆಯುವ ತಂಡ. ಅದರಲ್ಲಿ ಅರುಂಧತಿಯೂ ಇದ್ದಳು. ಅಳೆದು ನೋಡಿದಾಗ ಎಲ್ಲರಿಗೂ ಅಚ್ಚರಿಯಾಯಿತು. ತಪಾಸಣೆಗೆ ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಸರಕು ಯಾರದೋ ಒಂದು ಸಹಿಗಾಗಿ, ಯಾರೋ ತರಬೇಕಾದ ಕಾಗದಕ್ಕಾಗಿ ಮೂಲೆಯಲ್ಲಿ ಬಿದ್ದಿರುತ್ತಿತ್ತು. ವಿಮಾನ ಇಳಿಯುವ ಮೊದಲೇ ಕಾಗದಪತ್ರ ಕಳಿಸುವ ಏರ್ಪಾಡಾಯಿತು. ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚುವುದು ನಿಂತಿತು. ಶೆಡ್ಡಿನ ಗೋಡೆಯ ಮೇಲೆ ದೊಡ್ಡ ಪರದೆ ಬಂತು. ಪ್ರತಿ ಸರಕಿನ ಮುಂದೆಯೂ ಅದರ ಹೊತ್ತು ಓಡುತ್ತಿರುತ್ತದೆ, ತಡವಾದರೆ ಕೆಂಪಾಗುತ್ತದೆ. ಹೂವು, ಔಷಧಿ, ಯಂತ್ರದ ಬಿಡಿಭಾಗ, ಎಲ್ಲದರ ಸರಾಸರಿಯೂ ಅರ್ಧಕ್ಕಿಳಿಯಿತು.

ಶವಪೆಟ್ಟಿಗೆಗಳನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ಅದು ವ್ಯಾಪಾರದ ಸರಕಲ್ಲ, ಯಾವಾಗಲೋ ಒಂದು ಬರುವಂಥದ್ದು, ಸೇರಿಸಿದರೆ ಸರಾಸರಿ ಏರುಪೇರಾಗುತ್ತದೆ ಎಂದು ಮೊದಲ ಸಭೆಯಲ್ಲೇ ಯಾರೋ ಹೇಳಿದ್ದರು. ಎಲ್ಲರಿಗೂ ಸರಿಯೆನಿಸಿತ್ತು. ಅರುಂಧತಿಗೂ.

ರವಿ ನಿದ್ದೆಯಲ್ಲೇ ಹೋದ. ಬೆಳಿಗ್ಗೆ ಎಬ್ಬಿಸಲು ಬಂದ ಜೊತೆಗಾರರು ಮುಟ್ಟಿದರೆ ಮೈ ತಣ್ಣಗಿತ್ತಂತೆ. ಅಲ್ಲಿನ ಕಾಗದಗಳೆಲ್ಲ ಮುಗಿದು, ಪೆಟ್ಟಿಗೆ ಇಂಥ ವಿಮಾನದಲ್ಲಿ ಬೆಳಿಗ್ಗೆ ಇಳಿಯುತ್ತದೆಂದು ತಿಳಿದ ದಿನ ಅಪ್ಪ ಅಂಕಯ್ಯ ಫೋನು ಮಾಡಿದರು.

"ಹೊನ್ನಯ್ಯಣ್ಣ ಕೇಳ್ತಾವ್ನೆ ಕಣವ್ವ, ಎಸ್ಟೊತ್ಗೆ ಬತ್ತೀರ ಅಂತ." ಹೊನ್ನಯ್ಯ ಆ ಬೀದಿಯ ಹಿರಿಯರು.

ಅರುಂಧತಿ ಮನಸ್ಸಿನಲ್ಲೇ ಕೂಡಿಸಿದಳು. ಶೆಡ್ಡಿನ ಸರಾಸರಿ ಇಷ್ಟು, ರಸ್ತೆಗೆ ಇಷ್ಟು. "ಮದ್ಯಾನ್ದೊತ್ಗೆ ಮನೆ ಮುಂದಿರ್ತೀವಿ ಕಣಪ್ಪ."

ಅವಳ ಮಾತೆಂದರೆ ಬೀದಿಗೆ ಸರ್ಕಾರದ ಮಾತು. ಹೊನ್ನಯ್ಯನವರು ಎಲ್ಲರನ್ನೂ ಕೂರಿಸಿ ಹೇಳಿದರಂತೆ: "ಮಗ ಪರದೇಸದಲ್ಲಿ ಒಬ್ನೆ ಸತ್ತವ್ನೆ. ನಮ್ ನೆಲಕ್ಕೆ ಇಳಿದ್ ಮ್ಯಾಲೆ ನಮ್ ಬೀದಿಲಿ ಇದ್ದಂಗೆ. ಇಮಾನ ಇಳಿಯೋ ಒತ್ತಿಂದ್ಲೇ ಒಲೆ ಆರ್ಸವ. ಮದ್ಯಾನಕ್ಕೆ ಬತ್ತಾನಂತಲ್ಲ, ಅಸ್ಟೊತ್ತು ತಡ್ಕಬೋದು." ಹೊತ್ತು ಮುಳುಗಿದ ಮೇಲೆ ಆ ಊರಿನಲ್ಲಿ ಮಣ್ಣು ಮಾಡುವುದಿಲ್ಲ. ಆದರೆ ಮಧ್ಯಾಹ್ನ ಬರುವವನಿಗೆ ಆ ಯೋಚನೆ ಯಾಕೆ? ಯಾರೂ ಆ ಮಾತೆತ್ತಲಿಲ್ಲ.

ವಿಮಾನ ಹೇಳಿದ ಹೊತ್ತಿಗೇ ಇಳಿಯಿತು. ಅರುಂಧತಿ ಅಂದು ರಜೆ ಹಾಕಿ, ಕೌಂಟರಿನ ಈಚೆ ಬದಿಗೆ ಬಂದು ನಿಂತಳು. ಕಸ್ಟಮ್ಸಿನ ಕೆಲಸ ಚಹಾ ಆರುವುದರೊಳಗೆ ಮುಗಿಯಿತು. ಸಹೋದ್ಯೋಗಿ ಎದ್ದು ನಿಂತು ಎರಡೂ ಕೈಯಲ್ಲಿ ಕಾಗದ ಕೊಟ್ಟ. ಆದರೆ ಶವಪೆಟ್ಟಿಗೆಗೆ ನಿಲ್ದಾಣದ ಆರೋಗ್ಯಾಧಿಕಾರಿಯಾದ ಡಾಕ್ಟರು ತಾವೇ ಬಂದು ನೋಡಿ ಸಹಿ ಹಾಕಬೇಕು. ಅದಕ್ಕೆ ಪೆಟ್ಟಿಗೆಯನ್ನು ಒಳಗಿನ ಅಟ್ಟದಿಂದ ಇಳಿಸಿ ತರಬೇಕು. ಪರದೆಯ ಮೇಲೆ ರವಿಯ ಪೆಟ್ಟಿಗೆಯ ಸಾಲು ಇರಲೇ ಇಲ್ಲ. ಅದಕ್ಕೆ ಹೊತ್ತು ಓಡುತ್ತಿರಲಿಲ್ಲ, ಅದು ಕೆಂಪಾಗುವಂತೆಯೂ ಇರಲಿಲ್ಲ. ಜನ ಪರದೆ ನೋಡುತ್ತ, ಯಾವುದು ಕೆಂಪಾಗುತ್ತಿದೆಯೋ ಅದರ ಹಿಂದೆ ಓಡಾಡುತ್ತಿದ್ದರು. ಯಾರದೂ ತಪ್ಪಲ್ಲ. ಹಾಗೆ ಓಡಾಡಲು ಅವರಿಗೆ ಕಲಿಸಿದವರಲ್ಲಿ ಅವಳೂ ಒಬ್ಬಳು.

ಬಿಸಿಲೇರುತ್ತಿದ್ದಂತೆ ಫೋರ್ಕ್‌ಲಿಫ್ಟಿನ ತಿಮ್ಮಯ್ಯ ಅವಳ ಹತ್ತಿರ ಬಂದ. ಮಂಡ್ಯದ ವಿ.ಸಿ. ಫಾರಂ ಕಡೆಯವನು, ತಲೆ ನರೆತವನು. ಅವಳೊಡನೆ ಎಂದಿಗೂ ಊರ ಮಾತೇ.

"ಮೇಡಮ್ಮೋರೆ, ಇವತ್ತು ಒಂದೇ ಗಾಡಿ ಓಡ್ತಿರೋದು, ಇನ್ನೊಂದು ಕೆಟ್ಟದೆ. ಈಗ ಆಸ್ಪತ್ರೆಗೋಗೋ ಔಸ್ದಿ ಬಂದದೆ, ತಣ್ಣಗಿರ್ಬೇಕಾದ್ದು. ಎಳೆ ಮಕ್ಳಿಗಂತೆ. ಡಾಕ್ಟ್ರು ಇನ್ನೊಂದ್ ಚೂರೊತ್ತು ಇಲ್ಲಿರ್ತಾರೆ, ಆಮೇಲೆ ಆ ಕಡೆ ಟರ್ಮಿನಲ್ಲಿಗೆ ಓಯ್ತಾರೆ. ನೀವೊಂದ್ ಮಾತೇಳಿ. ತಮ್ಮನ್ನೇ ಮೊದ್ಲು ಇಳುಸ್ತೀನಿ. ಕೇಳ್ದೋರ್ಗೆ ನಾನ್ ಉತ್ರ ಕೊಟ್ಕತೀನಿ."

ಅರುಂಧತಿ ಅಟ್ಟದ ಕಡೆ ನೋಡಿದಳು. ಮರದ ಪೆಟ್ಟಿಗೆಯ ಒಂದು ತುದಿ ಮಾತ್ರ ಕಾಣುತ್ತಿತ್ತು. ಊರಿನಲ್ಲಿ ಆರಿದ ಒಲೆಗಳು ಕಣ್ಣ ಮುಂದೆ ಬಂದವು. ಬಾಯಿ ತೆರೆದಳು.

"ಔಸ್ದಿ ಮೊದ್ಲು ಓಗ್ಲಿ ತಿಮ್ಮಯ್ಯ."

ತಿಮ್ಮಯ್ಯ ಹೋಗಿ ಗಾಡಿಯನ್ನು ಔಷಧಿಯ ಕಡೆಗೆ ತಿರುಗಿಸಿದ.

ಔಷಧಿ ಹೊರಗೆ ಹೋಗುವಷ್ಟರಲ್ಲಿ ಡಾಕ್ಟರು ಆ ಕಡೆ ಹೋಗಿಯಾಗಿತ್ತು. ಅಲ್ಲಿ ಯಾರಿಗೋ ಜ್ವರ, ಯಾರದೋ ತಪಾಸಣೆ. ಅವರು ಮರಳಿ ಬರುವ ಹೊತ್ತಿಗೆ ಅವಳು ಹೇಳಿದ್ದ ಮಧ್ಯಾಹ್ನ ದಾಟಿತ್ತು. ಬಂದವರು ತಡವಾದದ್ದಕ್ಕೆ ಕ್ಷಮೆ ಕೇಳಿದರು. ತಿಮ್ಮಯ್ಯ ಪೆಟ್ಟಿಗೆಯನ್ನು ಇಳಿಸಿದ ರೀತಿಯನ್ನು ಅರುಂಧತಿ ಮರೆಯುವಂತಿಲ್ಲ. ಸದಾ ಕುಕ್ಕಿ ಇಡುವ ಮನುಷ್ಯ ಅಂದು ಅದನ್ನು ತೊಟ್ಟಿಲು ಇಳಿಸಿದಂತೆ ಇಳಿಸಿದ. ಪೆಟ್ಟಿಗೆ ನೆಲ ಮುಟ್ಟಿದ್ದು ಯಾರಿಗೂ ಕೇಳಿಸಲಿಲ್ಲ.

ಆಂಬುಲೆನ್ಸಿನ ಮಹದೇವಯ್ಯ ಮದ್ದೂರಿನವನು. ಬೆಳಗಿನಿಂದ ಗೇಟಿನ ಹೊರಗೆ ಕಾದಿದ್ದವನು, ಯಾಕೆ ತಡವೆಂದು ಒಮ್ಮೆಯೂ ಕೇಳಲಿಲ್ಲ. ಹೊರಟ ಮೇಲೆ ಅಪ್ಪನ ಫೋನು ಬಂತು.

"ಎಲ್ಲಿಗ್ ಬಂದ್ರವ್ವ?"

"ಈಗ ಒಂಟ್ವಿ ಕಣಪ್ಪ. ಅಪ್ಪಾ, ನೀವೆಲ್ಲ ಏನಾರ ಉಂಡ್ಕಳಿ. ನಾನೇಳಿದ್ ಒತ್ತು ತಪ್ಪೋಯ್ತು."

"ಅದೆಂಗಾದದು." ಹಿಂದೆ ಎಲ್ಲೋ ಮಗುವೊಂದು ಒಂದೇ ಸಮನೆ ಅಳುತ್ತಿತ್ತು. "ಎದ್ರುಮನೆ ಪ್ರಿಯಾಂಕನ ಕೂಸು ಕಣವ್ವ. ಆಲು ಕಾಯ್ಸಕೆ ಒಲೆ ಇಲ್ವಲ್ಲ. ಕೂಸಿಗಾರ ಅಚ್ಚು ಅಂದ್ರೆ ಆ ಉಡ್ಗಿ ಒಪ್ತಿಲ್ಲ. ನಿಮ್ಮವ್ವ ಎದ್ದೋದ್ಲು ಈಗ, ಏನ್ ಮಾಡ್ತಾಳೋ."

ಫೋನು ಹಾಗೆಯೇ ತೆರೆದಿತ್ತು. ದೂರದಿಂದ ಅಮ್ಮ ಮಾಯಮ್ಮನ ದನಿ, ಅತ್ತು ಅತ್ತು ಒಡೆದ ದನಿ, ಬೀದಿಯ ಆಚೆಗೆ ಹೇಳುತ್ತಿತ್ತು: "ಒಲೆ ಅಚ್ಚೇ ಮಗಾ. ಮೊದ್ಲು ಕೂಸಿಗೆ ಆಲು ಕಾಯ್ಸು. ನನ್ ಮಗ ಏನೂ ಅನ್ಕಳಕಿಲ್ಲ. ಅವ್ನೇ ಅಸಿವು ತಡಿಯೋನಲ್ಲ."

ಅರುಂಧತಿ ಫೋನನ್ನು ಮಡಿಲಿಗೆ ಒತ್ತಿಕೊಂಡಳು. ಮಹದೇವಯ್ಯ ಕನ್ನಡಿಯಲ್ಲಿ ನೋಡಿದವನು ಕಣ್ಣು ರಸ್ತೆಗೆ ತಿರುಗಿಸಿ ಗಾಡಿಯ ವೇಗ ಹೆಚ್ಚಿಸಿದ.

ಮದ್ದೂರು ದಾಟಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಹೊತ್ತು ಮುಳುಗಿದರೆ ಮಣ್ಣಿಲ್ಲ, ನಾಳೆಯವರೆಗೆ ಬೀದಿಯಲ್ಲಿ ಒಲೆಯೂ ಇಲ್ಲವೆಂದು ಅರುಂಧತಿ ಮಹದೇವಯ್ಯನಿಗೆ ಹೇಳಿದಳು. ಭಾರತೀನಗರದಲ್ಲಿ ಗಾಡಿ ನಿಂತುಬಿಟ್ಟಿತು. ಕಬ್ಬು ಅರೆಯುವ ಕಾಲ. ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಕಣ್ಣು ಹೋದಷ್ಟು ದೂರ ಸಾಲುಗಟ್ಟಿದ್ದವು. ಅವರೂ ಬೆಳಗಿನಿಂದ ತಮ್ಮ ಸರದಿಗೆ ಕಾದವರೇ. ಮಹದೇವಯ್ಯ ಇಳಿದು ಮುಂದಿನ ಟ್ರ್ಯಾಕ್ಟರಿನವನ ಹತ್ತಿರ ಹೋದ.

"ಏನ್ಲಾ ಅದು, ಪೇಸೆಂಟಾ?"

"ಅಲ್ಲ ಕಣಣ್ಣ. ಮಸ್ಕತ್ತಿಂದ ಬಂದೈತೆ. ಮಳವಳ್ಳಿ ಆಚೆಗೋಗ್ಬೇಕು. ಒತ್ತು ಮುಳುಗೋದ್ರೆ ಮಣ್ ಮಾಡಾಕಿಲ್ವಂತೆ, ನಾಳೆ ಗಂಟ ಇಡೀ ಬೀದಿ ಉಪಾಸ."

ಆತ ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ತನ್ನ ಮುಂದಿನವನಿಗೆ ಕೂಗಿದ. ಅವನು ಅವನ ಮುಂದಿನವನಿಗೆ ಕೂಗಿದ. "ಎಡಕ್ಕೆ ಎಳ್ಕೊಳ್ಳಿ ಕಣ್ರಲಾ, ದಾರಿ ಬುಡಿ." ಸರದಿ ತಪ್ಪಿದರೂ ಸರಿಯೆಂದು ಒಂದೊಂದೇ ಟ್ರ್ಯಾಕ್ಟರು ಗದ್ದೆಯ ಅಂಚಿಗೆ ಇಳಿಯಿತು. ಆ ದಾರಿಯ ಉದ್ದಕ್ಕೂ ತಲೆಯ ಟವೆಲ್ಲುಗಳು ಕೆಳಗಿಳಿದವು. ಅರುಂಧತಿ ಕಿಟಕಿಯಿಂದ ಕೈ ಮುಗಿಯುತ್ತಲೇ ಇದ್ದಳು.

ಊರು ಮುಟ್ಟಿದಾಗ ಸೂರ್ಯ ತೆಂಗಿನ ತಲೆಗಳಿಗೆ ತಾಗಿಕೊಂಡಿದ್ದ. ಬೀದಿಯ ಎರಡೂ ಕಡೆ ಜನ ಬಾಡಿದ ಮುಖ ಹೊತ್ತು ನಿಂತಿದ್ದರು. ಅವಳು ಇಳಿಯುತ್ತಲೇ ಹೊನ್ನಯ್ಯನವರ ಹತ್ತಿರ ಹೋದಳು. "ದೊಡ್ಡಪ್ಪಾ, ನನ್ ಮಾತ್ ನಂಬಿ ನೀವೆಲ್ಲ..."

"ಈಗ ಅದೆಲ್ಲ ಬುಡವ್ವ. ಬಿಸ್ಲೈತೆ ಇನ್ನೂವೆ. ಮಗನ್ನ ಇಳ್ಸು."

ಪೆಟ್ಟಿಗೆಯ ಮರದ ಮುಚ್ಚಳ ತೆಗೆದರು. ಒಳಗೆ ಮುಖದ ನೇರಕ್ಕೆ ಚಿಕ್ಕದೊಂದು ಗಾಜು. ಅದನ್ನು ತೆಗೆಯುವಂತಿರಲಿಲ್ಲ. ಬಾಯಿಗೆ ಅಕ್ಕಿ ಹಾಕಲು ಮಾಯಮ್ಮ ಮುಷ್ಟಿ ಹಿಡಿದು ಬಂದವಳು ಗಾಜು ಕಂಡು ನಿಂತಳು. ಆಮೇಲೆ ಅವಳೇ ಬಗ್ಗಿ, ಗಾಜಿನ ಮೇಲೆ, ಮಗನ ತುಟಿಗಳ ನೇರಕ್ಕೆ, ಅಕ್ಕಿ ಕಾಳುಗಳನ್ನು ಒಂದೊಂದೇ ಇಟ್ಟಳು. ಅಕ್ಕಿ ಜಾರದಂತೆ ಅಂಗೈ ಅಡ್ಡ ಹಿಡಿದಳು. ಹಿಂದೊಮ್ಮೆ ತಾನು ಕಡ್ಲೆಪಪ್ಪು ಒಂದೊಂದೇ ಹಾಕಿದ್ದು ನೆನಪಾಗಿ ಅರುಂಧತಿ ಅಮ್ಮನ ಅಂಗೈಯ ಪಕ್ಕ ತನ್ನ ಅಂಗೈಯನ್ನೂ ಅಡ್ಡ ಹಿಡಿದಳು.

ಕೊನೆಯ ಹಿಡಿ ಮಣ್ಣು ಬೀಳುವಾಗ ಕೆಂಪು ಬೆಳಕು ಇನ್ನೂ ಉಳಿದಿತ್ತು.

ಮಿಂದು ಬಂದ ಅರುಂಧತಿ ಜಗುಲಿಯ ಕಂಬಕ್ಕೊರಗಿ ಕೂತಳು. ಒದ್ದೆ ಕೂದಲಿನಿಂದ ನೀರು ಬೆನ್ನಿಗೆ ಇಳಿಯುತ್ತಿತ್ತು. ನಾಳೆಯೋ ನಾಳಿದ್ದೋ ಅವಳು ಮತ್ತೆ ಶೆಡ್ಡಿಗೆ ಹೋಗುತ್ತಾಳೆ. ಆ ಪರದೆಯ ಮೇಲೆ ಇಂಥ ಪೆಟ್ಟಿಗೆಗೂ ಒಂದು ಸಾಲು ಬೇಕೆಂದು ಕೇಳುತ್ತಾಳೆ. ಸರಾಸರಿ ಏರುಪೇರಾದರೆ ಆಗಲಿ ಎನ್ನುತ್ತಾಳೆ. ಅವರು ಒಪ್ಪಲೂಬಹುದು. ಆದರೆ ರವಿ ಇನ್ನೊಮ್ಮೆ ಆ ದಾರಿಯಲ್ಲಿ ಬರುವವನಲ್ಲ. ಅವನ ತಮಾಷೆಗೆ ಅವಳು ಇನ್ನು ಉತ್ತರ ಕೊಡುವಂತಿಲ್ಲ.

ಒಂದು ಮನೆಯಲ್ಲಿ ಕಡ್ಡಿ ಚಟಪಟ ಎಂದಿತು. ಮತ್ತೊಂದು ಮನೆಯಲ್ಲಿ. ಗ್ಯಾಸು ಬಂದಿದ್ದರೂ ಮುದ್ದೆಗೆ, ನೀರಿಗೆ ಇನ್ನೂ ಸೌದೆ ಒಲೆಯೇ. ಹಿಪ್ಪುನೇರಳೆಯ ಹೊಗೆ, ಮೊದಲು ಕಮಟಾಗಿ ಆಮೇಲೆ ಸಿಹಿಯಾಗಿ, ಹೆಂಚುಗಳಿಂದ ಇಳಿದು ಬೀದಿ ತುಂಬಿತು. ಮೂಗರಳಿಸಲು ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳು ಆಗ ಅತ್ತಳು. ಹಗಲೆಲ್ಲ ಬಾರದ ಅಳು.

ಎದುರು ಮನೆಯಿಂದ ಪ್ರಿಯಾಂಕ ಬೀದಿ ದಾಟಿ ಬಂದಳು. ಸೊಂಟದಲ್ಲಿ ಕೂಸು ನಿದ್ದೆ ಹೋಗಿತ್ತು. ಇನ್ನೊಂದು ಕೈಯಲ್ಲಿ ಮುಚ್ಚಿದ ತಟ್ಟೆ. ಅರುಂಧತಿ ತಲೆಯೆತ್ತಿ, ಆ ಕೂಸು ಹಸಿದು ಅತ್ತದ್ದಕ್ಕೆ ಕ್ಷಮೆ ಕೇಳಲು ಹೊರಟಳು. ಪ್ರಿಯಾಂಕ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತೆಗೆದಳು. ಬಿಸಿ ಮುದ್ದೆ, ಬಸ್ಸಾರು. ಅರುಂಧತಿಯ ಒದ್ದೆ ಕೈಯನ್ನು ತನ್ನ ಸೆರಗಿನಲ್ಲಿ ಒರೆಸಿ, ತಟ್ಟೆಯನ್ನು ಆ ಕೈಗೆ ಇಟ್ಟಳು.