ಹಿಮದ ಯಾರ್ಡಿನಲ್ಲಿ ಒಂದು ‘ಸಾಕು’

“ಸಾಕು,” ಎಂದ ಲಾಟೀನಪ್ಪ.

“ಕೇಳಿಸ್ಕೊಂಡ್ಯಾ ಅಮ್ಮ? ಅಪ್ಪನೇ ಸಾಕು ಅಂತಿದಾರೆ.” ಮಗಳು ಮೇಜಿನ ಮೇಲಿದ್ದ ಪುಟಾಣಿ ಸಿಗ್ನಲ್ ಕಂಬವನ್ನು ಕಿತ್ತು ರಟ್ಟಿನ ಪೆಟ್ಟಿಗೆಗೆ ಹಾಕಿದಳು. “ಇನ್ನೇನು ಬಡಗಿ ಬರ್ತಾನೆ. ಇದನ್ನ ಬಿಚ್ಚಿದ್ರೆ ಇಲ್ಲೇ ಮಂಚ ಹಾಕಬಹುದು. ಎಷ್ಟು ದಿನ ಅಂತ ಅಪ್ಪನ್ನ ಮಹಡಿ ಹತ್ತಿಸ್ತೀಯಾ, ಇಳಿಸ್ತೀಯಾ? ನಿನ್ನ ಸೊಂಟ ಬಿದ್ದುಹೋಗತ್ತೆ ಅಷ್ಟೇ.”

ಟೈಲರಮ್ಮ ಆ ಕಂಬವನ್ನು ಪೆಟ್ಟಿಗೆಯಿಂದ ತೆಗೆದು ಇದ್ದಲ್ಲೇ ನೆಟ್ಟಳು. “ಬಿಚ್ಚೋಕೆ ಮುಂಚೆ ಎಂಜಿನ್ ಒಂದ್ಸಲ ಓಡಲಿ.”

“ಇಷ್ಟು ದಿನ ಓಡದೇ ಇರೋದು ಇವತ್ತು ಓಡತ್ತಾ?”

“ಅದು ಹೇಗೆ ಓಡಲ್ವೋ ನಾನೂ ನೋಡ್ತೀನಿ.”

ಮಗಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ಮುಂದಿನ ಕೋಣೆಯಲ್ಲಿ ಒಂದು ಕಡೆ ಹೊಲಿಗೆ ಮೆಷಿನ್ನು, ಉಳಿದ ಜಾಗವೆಲ್ಲ ಈ ಮೇಜಿನದೇ ದರ್ಬಾರು. ಮೇಜಿನ ತುಂಬ ಚಳಿಗಾಲದ ರೈಲ್ವೆ ಯಾರ್ಡಿನ ಪುಟ್ಟ ಮಾದರಿ: ಶೆಡ್ಡಿನ ಮೇಲೆ ಹಿಮ, ನಡುವೆ ಕವಲೊಡೆದ ಹಳಿಗಳು, ಅದರ ಮೇಲೆ ಅಂಗೈಯಗಲದ ನೀಲಿ ಶಂಟಿಂಗ್ ಎಂಜಿನ್ನು. ಊರೂರು ತಿರುಗುವ ಭಾಗ್ಯವಿಲ್ಲದೆ, ರೈಲಿನ ಡಬ್ಬಿಗಳನ್ನು ಈ ಹಳಿಯಿಂದ ಆ ಹಳಿಗೆ ತಳ್ಳುತ್ತಾ ಇದ್ದಲ್ಲೇ ಸವೆಯುವ ಎಂಜಿನ್ನು. ಲಾಟೀನಪ್ಪ ಸರ್ವಿಸೆಲ್ಲ ಅಂಥ ಎಂಜಿನ್ನಿನ ಮುಂದೆ ಲಾಟೀನು ಹಿಡಿದು ನಿಂತವನು. ಹೆಸರು ಬಂದದ್ದೇ ಹಾಗೆ. ರಿಟೈರಾದ ಮೇಲೆ ಇದನ್ನು ಕಟ್ಟಿದ. ‘ನನ್ನ ಸವತಿ’ ಎಂದು ಟೈಲರಮ್ಮ ಮೇಜನ್ನು ಬಾಯ್ತುಂಬ ಬೈಯುತ್ತಿದ್ದಳು.

ಲಕ್ವ ಹೊಡೆದಾಗ ಅವನ ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಪದ. ಊಟಕ್ಕೆ ಕೂತರೂ ಸಾಕು, ಮುಖ ಒರೆಸಿದರೂ ಸಾಕು. ಈ ಮನುಷ್ಯನಿಗೆ ಬದುಕೇ ಸಾಕಾಗಿದೆಯೇನೋ ಎಂದು ಟೈಲರಮ್ಮನ ಎದೆ ಹೊಡೆದುಕೊಳ್ಳುತ್ತಿತ್ತು. ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವನ ಮುಖ ಅರಳಲೆಂದು, ಹಳದಿಗಟ್ಟಿದ್ದ ಹಿಮದ ಮೇಲೆ ಅಡುಗೆ ಸೋಡಾ ಜರಡಿ ಹಿಡಿದು ಉದುರಿಸಿದ್ದಳು. ಅವನು “ಸಾಕು, ಸಾಕು!” ಎಂದು ಕೂಗಾಡಿದ. ಅವಳು ಅಡುಗೆಮನೆಗೆ ಹೋಗಿ ಅತ್ತಳು. ಅವತ್ತಿನಿಂದ ಎಂಜಿನ್ ಕದಲಿರಲಿಲ್ಲ.

ಸ್ವಿಚ್ ಒತ್ತಿದಳು. ಎಂಜಿನ್ ಸುಮ್ಮನೆ ನಿಂತಿತ್ತು. ಹಳಿಯ ಮೇಲೆ ಬೆರಳಾಡಿಸಿದಳು. ಬೆರಳಿಗೆ ಬಿಳಿ ಬಿಳಿ, ತರಿ ತರಿ. ಮೆಷಿನ್ನಿನ ಸೂಜಿಯ ಕೆಳಗೆ ನೂಲಿನ ಕಸ ಕೂತರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಅಯ್ಯೋ, ನನ್ನ ಬುದ್ಧಿಗಿಷ್ಟು! ಸೋಡಾ! ರೀ, ಅವತ್ತು ನೀವು ಸಾಕು ಅಂದಿದ್ದು ಇದಕ್ಕಾ?”

ಲಾಟೀನಪ್ಪನ ಅರ್ಧ ಬಾಯಿ ನಕ್ಕಿತು. ಅವಳಿಗೆ ನಗುವೂ ಬಂತು, ಎರಡು ಬಾರಿಸೋಣ ಅಂತಲೂ ಅನ್ನಿಸಿತು.

ಸೆರಗು ಸಿಕ್ಕಿಸಿಕೊಂಡು ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಹಳಿಯುದ್ದಕ್ಕೂ ತಿಕ್ಕಿದಳು. ಎಂಜಿನ್ನನ್ನು ಅಂಗಾತ ಮಲಗಿಸಿ ಒಂದೊಂದೇ ಗಾಲಿ ಒರೆಸಿದಳು. “ಅಮ್ಮ, ಸೊಂಟ,” ಎಂದಳು ಮಗಳು. “ಸೊಂಟ ನಂದು, ನೀನು ಬಾಯ್ಮುಚ್ಚು.”

ಸ್ವಿಚ್ಚಿನ ಪಕ್ಕದ ವೇಗದ ಗುಬಟು ತಿರುಗಿಸಿದಳು. ಎಂಜಿನ್ ಜಿಗಿಯಿತು. ಎದುರಿದ್ದ ಎರಡು ಡಬ್ಬಿಗಳಿಗೆ ಧಡಾರನೆ ಗುದ್ದಿ ಎರಡನ್ನೂ ಹಿಮಕ್ಕೆ ಕೆಡವಿತು.

“ಸಾಕು!”

“ನೋಡಿದ್ಯಾ? ಅವರಿಗೇ ಬೇಡವಾಗಿದೆ,” ಎಂದಳು ಮಗಳು.

ಟೈಲರಮ್ಮ ನೋಡುತ್ತಿದ್ದದ್ದು ಗಂಡನ ಎಡಗೈಯನ್ನು. ಅದು ಭುಜದೆತ್ತರಕ್ಕೆ ಎದ್ದಿತ್ತು. ಹೊಸದಾಗಿ ಮದುವೆಯಾದಾಗ ಅವಳು ಊಟದ ಡಬ್ಬಿ ಹಿಡಿದು ಯಾರ್ಡಿಗೆ ಹೋಗುತ್ತಿದ್ದಳು. ಮಂಜಿನಲ್ಲಿ ಆಳು ಕಾಣುತ್ತಿರಲಿಲ್ಲ. ಲಾಟೀನು ಕಾಣುತ್ತಿತ್ತು, ದನಿ ಕೇಳುತ್ತಿತ್ತು: ಬಾ, ಬಾ, ಇನ್ನೊಂಚೂರು... ಸಾಕು! ಆಗ ಕೊಂಡಿಗೆ ಕೊಂಡಿ ಬೀಳುತ್ತಿತ್ತು.

ಒಂದು ಡಬ್ಬಿಯನ್ನು ಎತ್ತಿ ಹಳಿಯ ಮೇಲಿಟ್ಟಳು. ಎಂಜಿನ್ನನ್ನು ಹಿಂದಕ್ಕೆ ಕರೆದುಕೊಂಡಳು. “ರೀ, ಡ್ರೈವರ್ ಹೊಸಬಳು. ಸರಿಯಾಗಿ ಕೈ ತೋರಿಸಿ.”

ಎಡಗೈ ಮೆಲ್ಲಗೆ ಬೀಸಿತು. ಎಂಜಿನ್ ಹಿಮದ ನಡುವೆ ತೆವಳಿತು. ಕೈ ಸಣ್ಣಗೆ ಬೀಸಿತು. ಅವಳೂ ಗುಬಟನ್ನು ಸಣ್ಣಗೆ ತಿರುಗಿಸಿದಳು. ಕಟಕ್.

“ಸಾಕು,” ಎಂದ ಲಾಟೀನಪ್ಪ, ತೃಪ್ತಿಯಿಂದ. ಅವಳ ಕಣ್ಣು ತುಂಬಿ ಹಳಿಯೇ ಕಾಣದಾಯಿತು.

ಬಾಗಿಲಲ್ಲಿ ಬಡಗಿ ಕೆಮ್ಮಿದ. “ಎಲ್ಲಿಂದ ಬಿಚ್ಚೋಣ ಅಮ್ಮಾವ್ರೆ?”

“ಬಿಚ್ಚೋದಿಲ್ಲಪ್ಪ. ಮೇಜಿನ ಕಾಲು ಕೊಯ್ದು ಮಂಚದ ಎತ್ತರಕ್ಕೆ ಇಳಿಸು.”

“ಮಂಚಕ್ಕೆ ಜಾಗ ಎಲ್ಲಮ್ಮ?” ಎಂದಳು ಮಗಳು.

“ನನ್ನ ಮೆಷಿನ್ನು ಮಹಡಿಗೆ ಹೋಗಲಿ.”

“ಗಿರಾಕಿಗಳು ಮೆಟ್ಟಿಲು ಹತ್ತಿ ಬರ್ತಾರಾ?”

“ಬಟ್ಟೆ ಬೇಕಾದೋರು ಹತ್ತಿ ಬರ್ತಾರೆ.”

ಮಗಳು ಅಪ್ಪನ ಮುಖ ನೋಡಿದಳು. ಆಮೇಲೆ ಬಗ್ಗಿ, ಹಿಮದಲ್ಲಿ ಬಿದ್ದಿದ್ದ ಇನ್ನೊಂದು ಡಬ್ಬಿಯನ್ನು ಎತ್ತಿ, ಊದಿ, ಹಳಿಯ ಮೇಲಿಟ್ಟಳು. ಲಾಟೀನಪ್ಪನ ಎಡಗೈ ಮತ್ತೆ ಮೇಲೆದ್ದಿತು.